ಚೌಕಾಬಾರದ ಕಟ್ಟೆಯಲ್ಲಿ ಸೋಂಕು: ನನ್ನ ಬೋಧನೆಯ ಅನುಭವ

ಬಿ.ಎಸ್ಸಿ. ನರ್ಸಿಂಗ್ ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಅನ್ವಯಿಕ ಸೂಕ್ಷ್ಮಜೀವಿಶಾಸ್ತ್ರ ಮತ್ತು ಸೋಂಕು ನಿಯಂತ್ರಣವನ್ನು ಕಲಿಸುವುದು ನನ್ನ ಕೆಲಸ. ಕೈ ಶುಚಿಗೊಳಿಸಲೇಬೇಕಾದ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ: ರೋಗಿಯನ್ನು ಮುಟ್ಟುವ ಮೊದಲು, ನಿರ್ಜಂತುಕ ಕ್ರಿಯೆಯ ಮೊದಲು, ರಕ್ತ ಅಥವಾ ದೇಹದ ದ್ರವ ತಗುಲುವ ಸಂಭವವಿದ್ದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ತರಗತಿಯಲ್ಲಿ ಯಾರನ್ನು ಕೇಳಿದರೂ ಇದನ್ನು ತಡವರಿಸದೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸಿದ ವಿದ್ಯಾರ್ಥಿನಿಯೇ ಮರುದಿನ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮುಗಿಸಿ, ಅದೇ ಗ್ಲೌಸಿನಲ್ಲಿ ಪರದೆ ಸರಿಸಿ, ಕೇಸ್ ಶೀಟ್ ತಿರುವಿ, ಪೆನ್ನು ಕೈಗೆತ್ತಿಕೊಂಡದ್ದನ್ನು ನೋಡಿದ ಮೇಲೆ ನಾನು ಆಟಗಳ ಮೊರೆಹೋದೆ.

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವಂಥದ್ದೇ, ಹಾವು ಏಣಿಯ ಆಟ. ಕೈ ತೊಳೆದರೆ ಏಣಿ, ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಿದರೆ ಹಾವು. ತರಗತಿ ನಗೆಯಿಂದ ತುಂಬಿಹೋಯಿತು. ಆಟ ಮುಗಿದ ಮೇಲೆ, ತೊಂಬತ್ತರ ಮನೆಯಿಂದ ಕೆಳಗೆ ಜಾರಿದ ಹುಡುಗಿಯೊಬ್ಬಳನ್ನು ಏಕೆ ಇಳಿದೆ ಎಂದು ಕೇಳಿದರೆ "ಹಾವು ಕಚ್ಚಿತು ಮೇಡಂ" ಎಂದಳು. ಅವಳ ಉತ್ತರ ಸರಿಯಾಗಿಯೇ ಇತ್ತು. ಅವಳನ್ನು ಕೆಳಗಿಳಿಸಿದ್ದು ದಾಳ. ಅವಳು ಯಾವ ತೀರ್ಮಾನವನ್ನೂ ತೆಗೆದುಕೊಂಡಿರಲಿಲ್ಲ.

ಎರಡನೆಯದು ತ್ಯಾಜ್ಯ ವಿಂಗಡಣೆಯ ಓಟ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿರುವಂತೆ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ನಾಲ್ಕು ಡಬ್ಬಿಗಳನ್ನು ಇಟ್ಟೆ. ಕೆಂಪು ಶಾಯಿಯಲ್ಲಿ ಅದ್ದಿದ ಹತ್ತಿ, ಐ.ವಿ. ಸೆಟ್ಟು, ಗ್ಲೌಸು, ಖಾಲಿ ಗಾಜಿನ ಸೀಸೆ, ಸೂಜಿಯ ಬದಲಿಗೆ ಬಾಲ್ ಪೆನ್ನಿನ ರೀಫಿಲ್ಲುಗಳನ್ನು ಒಂದು ಟ್ರೇಯಲ್ಲಿ ಹರಡಿದೆ. ಗೊಂದಲಕ್ಕೆಂದೇ ಎರಡು ವಸ್ತುಗಳನ್ನು ಸೇರಿಸಿದ್ದೆ. ಒಂದು, ಸೂಜಿ ಬೇರ್ಪಡದ ಇನ್ಸುಲಿನ್ ಸಿರಿಂಜು. ಪ್ಲಾಸ್ಟಿಕ್ಕೆಂದು ಅದನ್ನು ಕೆಂಪಿಗೆ ಹಾಕುವವರೇ ಹೆಚ್ಚು, ಆದರೆ ಅದು ಹೋಗಬೇಕಾದದ್ದು ಬಿಳಿಯ ಚುಚ್ಚುನಿರೋಧಕ ಡಬ್ಬಿಗೆ. ಇನ್ನೊಂದು ಬಿಸ್ಕತ್ತಿನ ಕವರು. ಅದು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಸಾಮಾನ್ಯ ಕಸ. ಬಣ್ಣಗಳನ್ನು ಅವರು ಬೇಗನೆ ಕಲಿತರು. ಆದರೆ ಬೇಗ ಮುಗಿಸಿದ ತಂಡಕ್ಕೆ ಅಂಕ ಎಂದು ನಾನೇ ಹೇಳಿದ್ದರಿಂದ, ರೀಫಿಲ್ಲಿನ ತುದಿಯನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾ ಓಡಿದರು. ಸೂಜಿ ಚುಚ್ಚಿಕೊಳ್ಳುವುದು ಹೇಗೆಂಬುದನ್ನು ನಾನೇ ಅಭ್ಯಾಸ ಮಾಡಿಸುತ್ತಿದ್ದೆ! ಅಂದಿನಿಂದ ಈ ಆಟಕ್ಕೆ ಗಡಿಯಾರವಿಲ್ಲ.

ಮೂರನೆಯ ಆಟಕ್ಕೆ ಚೌಕಾಬಾರವನ್ನು ಆರಿಸಿಕೊಂಡೆ. ಐದು ಸಾಲು ಐದು ಮನೆಯ ಪಟ, ನಾಲ್ಕು ಕವಡೆ, ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಡೆ, ಕಡಿತ ಎಲ್ಲವೂ ಮನೆಯಲ್ಲಿ ಆಡುವಂತೆಯೇ. ಕಾಯಿಗಳಾಗಿ ಸೋಡಾ ಬಾಟಲಿಯ ಮುಚ್ಚಳಗಳನ್ನು ಕವುಚಿ ಇಟ್ಟೆವು. ಕಾಯಿ ನಡೆಸಿದ ಕೂಡಲೇ ತೀರ್ಪುಗಾರ್ತಿ ಒಂದು ಚೀಟಿ ಓದುತ್ತಾಳೆ: "ಕ್ಯಾತಿಟರಿನ ಮೂತ್ರದ ಚೀಲ ಖಾಲಿ ಮಾಡಿದ್ದೀರಿ, ಪಕ್ಕದ ಮಂಚದ ಅಜ್ಜಿ ನೀರು ಕೇಳುತ್ತಿದ್ದಾರೆ. ಏನು ಮಾಡುತ್ತೀರಿ?" ಆಟಗಾರ್ತಿ ಉತ್ತರ ಕೊಡಬೇಕು. ಆಲ್ಕೋಹಾಲ್ ದ್ರಾವಣದಿಂದ ಕೈ ಉಜ್ಜಿಕೊಂಡರೆ ಒಂದು ಸರದಿ ಹೋಗುತ್ತದೆ, ಸೋಪು ನೀರಿನಲ್ಲಿ ತೊಳೆದರೆ ಎರಡು. ಮೊದಲನೆಯದಕ್ಕೆ 20ರಿಂದ 30 ಸೆಕೆಂಡು, ಎರಡನೆಯದಕ್ಕೆ 40ರಿಂದ 60 ಸೆಕೆಂಡು ಬೇಕೆಂಬ ಲೆಕ್ಕವನ್ನೇ ಸರದಿಗೆ ಇಳಿಸಿದ್ದೆ. ತಪ್ಪು ಮಾಡಿದವಳ ಮುಚ್ಚಳದ ಒಳಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟುತ್ತದೆ, ಆದರೆ ಅದು ಅವಳಿಗೂ ತಿಳಿಯದು. ಉತ್ತರ ಸರಿಯಿರಲಿ ತಪ್ಪಿರಲಿ, ತೀರ್ಪುಗಾರ್ತಿ ಪ್ರತಿ ಸಲವೂ ಮುಚ್ಚಳವನ್ನು ತನ್ನ ಕಡೆಗೆತ್ತಿ, ಒಳಗೆ ಬೆರಳಾಡಿಸಿ, ಮತ್ತೆ ಕವುಚಿಡುತ್ತಾಳೆ. ಸರಿಯಾಗಿ ಕೈ ತೊಳೆದಾಗ ಬೊಟ್ಟು ಕೀಳುವುದೂ ಹೀಗೆಯೇ ಗುಟ್ಟಾಗಿ.

ಚೌಕಾಬಾರದಲ್ಲಿ ಬೇರೆ ಬೇರೆ ಆಟಗಾರರ ಕಾಯಿಗಳು ಒಂದೇ ಮನೆಯಲ್ಲಿ ಕೂಡಬಹುದಾದದ್ದು ಕಟ್ಟೆಯಲ್ಲಿ ಮಾತ್ರ, ಬೇರೆಡೆಯಾದರೆ ಕಡಿದುಬಿಡುತ್ತಾರೆ. ಹಾಗಾಗಿ ಬೊಟ್ಟು ಒಂದು ಕಾಯಿಯಿಂದ ಇನ್ನೊಂದಕ್ಕೆ ದಾಟುವುದು ಕಟ್ಟೆಯಲ್ಲೇ ಎಂದು ನಿಯಮ ಮಾಡಿದೆ. ಕಟ್ಟೆಗಳಿಗೆ ನರ್ಸಿಂಗ್ ಸ್ಟೇಷನ್, ಡ್ರೆಸ್ಸಿಂಗ್ ಟ್ರಾಲಿ ಎಂದೆಲ್ಲ ಹೆಸರಿಟ್ಟಿದ್ದೆ. ಮೊದಲ ಆಟದಲ್ಲಿ ಸರದಿ ಕಳೆದುಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಕಟ್ಟೆ ಸೇರಿಕೊಂಡು ನೆಮ್ಮದಿಯಾಗಿದ್ದರು. ಕೊನೆಯಲ್ಲಿ ಮುಚ್ಚಳಗಳನ್ನು ತಿರುವಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬೊಟ್ಟಿತ್ತು. ಗೆದ್ದವಳ ನಾಲ್ಕೂ ಕಾಯಿಗಳಲ್ಲಿ ಇತ್ತು.

ಆಟಕ್ಕೆ ಅರ್ಧ ಗಂಟೆ ಹಿಡಿದರೆ ನಂತರದ ಚರ್ಚೆಗೂ ಅಷ್ಟೇ ಹೊತ್ತು ಕೊಡುತ್ತೇನೆ. ಇದನ್ನು ಬಿಟ್ಟು ಆಟ ಆಡಿಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ತೀರ್ಪುಗಾರ್ತಿಯ ಪಟ್ಟಿಯನ್ನು ಮುಂದಿಟ್ಟುಕೊಂಡು, ಈ ಬೊಟ್ಟು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತಾ ಹೋಗುತ್ತೇವೆ. ಸೋಂಕಿನ ಸರಪಳಿಯ ಆರು ಕೊಂಡಿಗಳನ್ನು (ರೋಗಾಣು, ಅದರ ನೆಲೆ, ಹೊರಬೀಳುವ ದಾರಿ, ಹರಡುವ ಬಗೆ, ಒಳಹೋಗುವ ದಾರಿ, ಸೋಂಕಿಗೆ ತುತ್ತಾಗುವ ವ್ಯಕ್ತಿ) ನಾನು ಆಗ ಹಲಗೆಯ ಮೇಲೆ ಬರೆಯುವುದೇ ಇಲ್ಲ, ಅವರೇ ಒಂದೊಂದಾಗಿ ಹೆಸರಿಸುತ್ತಾರೆ. ಅತಿಸಾರದ ರೋಗಿಯ ಚೀಟಿಗೆ ಆಲ್ಕೋಹಾಲ್ ಸಾಕೆಂದವರಿಗೆ, ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೀಲ್‌ನಂಥ ಬ್ಯಾಕ್ಟೀರಿಯಾದ ಬೀಜಾಣುಗಳು ಆಲ್ಕೋಹಾಲಿಗೆ ಸಾಯುವುದಿಲ್ಲವೆಂಬುದು ಆಗ ಮನಸ್ಸಿಗೆ ನಾಟುತ್ತದೆ.

ಒಂದು ಬ್ಯಾಚಿಗೆ ಚರ್ಮದ ಅಲರ್ಜಿ ಯಾರಿಗೂ ಇಲ್ಲವೆಂದು ಮೊದಲೇ ಕೇಳಿಕೊಂಡು, ಹಳದಿ ಹೈಲೈಟರ್ ಪೆನ್ನಿನ ಶಾಯಿ ಬೆರೆಸಿದ ಲೋಷನ್ನನ್ನು ಕವಡೆಗಳಿಗೆ ತೆಳುವಾಗಿ ಸವರಿದ್ದೆ. ಆಟ ಮುಗಿದ ಮೇಲೆ ಕಿಟಕಿ ಮುಚ್ಚಿಸಿ, ಕಳ್ಳನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಹಿಡಿದರೆ ಬೆರಳು, ಕೆನ್ನೆ, ಮೊಬೈಲು, ದುಪಟ್ಟಾದ ಅಂಚು, ಎಲ್ಲವೂ ಮಿನುಗಿದವು. ತೊಳೆದು ಬಂದ ಮೇಲೂ ಹೆಬ್ಬೆರಳಿನ ಬುಡ ಮತ್ತು ಉಗುರಿನ ಸಂದು ಹೊಳೆಯುತ್ತಲೇ ಇದ್ದವು.

ಆಟದಿಂದ ವಾರ್ಡಿನ ಸೋಂಕು ಕಡಿಮೆಯಾಯಿತೆಂದು ನಾನು ಹೇಳಲಾರೆ. ಅದನ್ನು ಅಳೆಯುವ ಕೆಲಸ ನಾನು ಮಾಡಿಲ್ಲ. ಆದರೆ ಗ್ಲೌಸಿನ ಕೈ ಕೇಸ್ ಶೀಟಿನತ್ತ ಹೋದಾಗ ಹುಡುಗಿಯರು ಪರಸ್ಪರ "ಬೊಟ್ಟು!" ಎಂದು ಪಿಸುಗುಟ್ಟುವುದನ್ನು ಕೇಳಿದ್ದೇನೆ. ಒಮ್ಮೆ ಹಿರಿಯ ವೈದ್ಯರೊಬ್ಬರು ಕೈ ತೊಳೆಯದೆ ಎರಡನೆಯ ರೋಗಿಯ ಗಾಯವನ್ನು ಮುಟ್ಟಲು ಹೋದಾಗ ಮಾತ್ರ ಅಲ್ಲಿದ್ದ ನಾಲ್ವರು ವಿದ್ಯಾರ್ಥಿನಿಯರೂ ನೆಲ ನೋಡುತ್ತ ನಿಂತಿದ್ದರು. ಹಾಗಾಗಿ ಈ ಸೆಮಿಸ್ಟರಿನಲ್ಲಿ ಅದನ್ನೇ ಒಂದು ಚೀಟಿಯಾಗಿ ಸೇರಿಸಿದ್ದೇನೆ. ಅದು ಬಂದಾಗ ಮೇಜಿನ ಸುತ್ತ ಮಾತು ನಿಂತುಹೋಗುತ್ತದೆ. ಹೋದ ವಾರ ಒಬ್ಬಳು ಬಹಳ ಹೊತ್ತು ಯೋಚಿಸಿ, "ಹ್ಯಾಂಡ್‌ರಬ್ ಬಾಟಲಿಯನ್ನು ಅವರ ಮುಂದೆ ಹಿಡಿದು, 'ತಗೊಳ್ಳಿ ಸರ್' ಅಂತೀನಿ ಮೇಡಂ" ಎಂದಳು. ತೀರ್ಪುಗಾರ್ತಿ ನನ್ನ ಮುಖ ನೋಡಿದಳು. ಬೊಟ್ಟು ಬೇಡವೆಂದು ತಲೆಯಾಡಿಸಿದೆ.