ಬಳ್ಳಾರಿ ಮನೆಗೆ ಚೀನಾದ ಗಾಳಿ-ನೀರು

ಒಂದು ದಿನ ಸಂಜೆ ಸೊಸೆ ಚೀಲದ ತುಂಬ ಸಾಮಾನು ತಂದಳು. ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಹಿತ್ತಾಳೆ ಆಮೆ, ಬಾಗಿಲಿಗೆ ಕಟ್ಟುವ ಗಾಳಿಗಂಟೆ. "ಅತ್ತೆ, ಇದು ಫೆಂಗ್ ಶುಯ್ ಅಂತ. ಮನೇಲಿ ನೆಮ್ಮದಿ ಇರುತ್ತಂತೆ" ಅಂದಳು. ಬಿಲ್ ನೋಡಿದ ಮಗನ ನೆಮ್ಮದಿ ಮಾತ್ರ ಅವತ್ತೇ ಹೋಯಿತು.

ನಾನು ಬೈಯಲಿಲ್ಲ. ಏನದು ನೋಡೋಣ ಅಂತ ಕನ್ನಡಕ ಹಾಕಿಕೊಂಡು ಓದಿದೆ. ಮನೆ ಹೇಗಿರಬೇಕು, ಯಾವ ಸಾಮಾನು ಎಲ್ಲಿರಬೇಕು ಅಂತ ಹೇಳುವ ಚೀನಾದವರ ವಾಸ್ತು ಅದು. ಫೆಂಗ್ ಅಂದರೆ ಗಾಳಿ, ಶುಯ್ ಅಂದರೆ ನೀರು. ನನಗೆ ಅಷ್ಟು ಸಾಕಾಯಿತು. ಬಳ್ಳಾರಿಯಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಈ ಎರಡರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಅಂದಹಾಗೆ, ಆ ನಗುವ ಬುದ್ಧ ನಮ್ಮ ಗೌತಮ ಬುದ್ಧ ಅಲ್ಲವೇ ಅಲ್ಲ. ಚೀನಾದಲ್ಲಿ 10ನೇ ಶತಮಾನದಲ್ಲಿದ್ದ ಬುಡಾಯ್ ಅನ್ನೋ ಸನ್ಯಾಸಿಯಂತೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದನಂತೆ. ಒಳ್ಳೆಯ ಮುಖ, ಟಿವಿ ಪಕ್ಕ ಇರಲಿ ಬಿಡಿ.

ಮೊದಲು ದಿಕ್ಕಿನ ಮಾತು. ಮನೆಗೆ ಹಿಂದೆ ಗುಡ್ಡ, ಮುಂದೆ ನೀರು, ಮುಖ ದಕ್ಷಿಣಕ್ಕೆ ಇರಬೇಕು ಅನ್ನುತ್ತಾರೆ ಚೀನಾದವರು. ಅದಕ್ಕೆ ಕಾರಣ ಇದೆ. ಅಲ್ಲಿ ಚಳಿಗಾಲದಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬೀಸುತ್ತದೆ. ಗುಡ್ಡ ಅದನ್ನು ತಡೆಯುತ್ತದೆ, ದಕ್ಷಿಣದ ಬಿಸಿಲು ಮನೆಯೊಳಗೆ ಬರುತ್ತದೆ. ನಮ್ಮಲ್ಲಿ ಮೇ ತಿಂಗಳು ಬಂತೆಂದರೆ 40 ಡಿಗ್ರಿ ದಾಟುತ್ತದೆ. ಬಿಸಿಲನ್ನು ಒಳಗೆ ಕರೆಯೋರು ಯಾರು? ಇನ್ನು ನಮ್ಮ ವಾಸ್ತುವಿನವರು ದಕ್ಷಿಣದ ಬಾಗಿಲೇ ಬೇಡ ಅನ್ನುತ್ತಾರೆ. ಎರಡನ್ನೂ ಕಲಸಿಕೊಂಡರೆ ತಲೆ ಕೆಡುತ್ತದೆ, ಗೌಂಡಿಗೆ ಮಾತ್ರ ಕೆಲಸ ಸಿಗುತ್ತದೆ. ಗೋಡೆ ಒಡೆಯೋ ಮಾತು ಯಾರೇ ಹೇಳಲಿ, ಒಂದು ಬೇಸಿಗೆ, ಒಂದು ಮಳೆಗಾಲ ಆ ಮನೆಯಲ್ಲಿ ಇದ್ದು ನೋಡಿ, ಆಮೇಲೆ ಯೋಚನೆ ಮಾಡಿ.

ನಮ್ಮ ಊರಿನಲ್ಲಿ ಜಗಳ ಇರೋದು ಪಡುವಣ ಗೋಡೆ ಜೊತೆ. ಮಧ್ಯಾಹ್ನವೆಲ್ಲ ಬಿಸಿಲು ಕುಡಿದು, ರಾತ್ರಿ ಹತ್ತಾದರೂ ಹಂಚಿನಂತೆ ಕಾವು ಕಕ್ಕುತ್ತಿರುತ್ತದೆ. ಆ ಗೋಡೆಗೆ ಮಂಚ ತಾಗಿಸಿ ಮಲಗಿದರೆ ಯಾವ ಆಮೆ ಇಟ್ಟರೂ ನಿದ್ದೆ ಬರಲ್ಲ. ಮಂಚ ಈಚೆಗೆ ಎಳೆಯಿರಿ. ಬೀರು, ಪುಸ್ತಕದ ಕಪಾಟು ಇಂಥವನ್ನು ಆ ಗೋಡೆಗೆ ನಿಲ್ಲಿಸಿ. ಮಾಳಿಗೆ ಮೇಲೆ ಯುಗಾದಿಗೆ ಮೊದಲೇ ಸುಣ್ಣ ಹೊಡೆಸಿ, ಬಿಳಿ ಬಣ್ಣಕ್ಕೆ ಬಿಸಿಲು ಅಷ್ಟು ಹತ್ತಲ್ಲ. ಸಂಜೆ ಮಾಳಿಗೆಗೆ ನೀರು ಹೊಡೆಯಿರಿ ಅಂತ ಹೇಳಬಹುದು. ಆದರೆ ನಳ ಬರೋದೇ ವಾರಕ್ಕೊಮ್ಮೆ ಆದಾಗ ಆ ಮಾತು ಹೇಳೋಕೆ ನನಗೇ ನಾಚಿಕೆ.

ಮಂಚದ ಬಗ್ಗೆ ಫೆಂಗ್ ಶುಯ್ ಹೇಳೋದು ನನಗೆ ಹಿಡಿಸಿತು. ಮಲಗಿದಲ್ಲಿಂದಲೇ ಬಾಗಿಲು ಕಾಣಬೇಕು, ಆದರೆ ಕಾಲು ಬಾಗಿಲಿಗೆ ನೇರ ಇರಬಾರದು. ಹೆಣವನ್ನು ಕಾಲು ಮುಂದೆ ಮಾಡಿ ಹೊರಗೆ ಒಯ್ಯುತ್ತಾರೆ ಅನ್ನೋದು ಅವರ ಅಂಜಿಕೆ. ಅಂಜಿಕೆ ಬಿಡಿ, ಯಾರು ಬಂದರು ಅಂತ ಕಾಣುತ್ತಿದ್ದರೆ ಮನಸ್ಸಿಗೆ ಧೈರ್ಯ ಅಲ್ವಾ? ಮಂಚದ ಕೆಳಗೆ ಏನೂ ತುರುಕಬೇಡಿ ಅಂತಲೂ ಇದೆ. ನಾನು ವರ್ಷಗಟ್ಟಲೆ ಸಿರುಗುಪ್ಪದ ಸೋನಾ ಮಸೂರಿ ಚೀಲಗಳನ್ನು ಅಲ್ಲೇ ಇಟ್ಟಿದ್ದೆ. ಗಾಳಿಯಾಡದ ಜಾಗ, ಕಸಬರಿಗೆ ಹೋಗದ ಮೂಲೆ. ಒಂದು ಶ್ರಾವಣದಲ್ಲಿ ಹುಳು ಗೋಡೆ ಹತ್ತಿ ದಿಂಬಿಗೇ ಬಂದವು. ಈಗ ಅಕ್ಕಿ ಡಬ್ಬಿಯಲ್ಲಿದೆ. ನೆರಳಲ್ಲಿ ಪೂರ್ತಿ ಒಣಗಿಸಿದ ಬೇವಿನ ಎಲೆ ಹಾಕಿರುತ್ತೇನೆ. ಹಸಿ ಎಲೆ ಹಾಕಬೇಡಿ, ಬೂಸು ಹಿಡಿಯುತ್ತದೆ.

ತಲೆಬಾಗಿಲು ಮನೆಯ ಬಾಯಿ ಅನ್ನುತ್ತಾರೆ ಅವರು. ನಮ್ಮ ಹೊಸ್ತಿಲಿಗೆ ದಿನಾ ನೀರು, ರಂಗೋಲಿ ಇದ್ದೇ ಇದೆ. ಆದರೆ ಪಕ್ಕದಲ್ಲೇ ಹದಿನಾಲ್ಕು ಜೋಡಿ ಚಪ್ಪಲಿ! ಅದನ್ನು ತೆಗೆಸಿದೆ. ಬಾಗಿಲು ಕಿರ್ ಅನ್ನುತ್ತಿತ್ತು. ನಮ್ಮ ಕಡೆ ಜೀನ್ಸ್ ಹೊಲಿಯೋ ಮನೆಗಳು ಜಾಸ್ತಿ, ಮೆಷಿನ್ ಎಣ್ಣೆಗೆ ಬರವಿಲ್ಲ. ಕೋಳಿ ಪುಕ್ಕ ಅದ್ದಿ ಕೀಲಿನ ಸಂದಿಗೆ ಎರಡೇ ಹನಿ ಬಿಟ್ಟೆ. ನಾಲ್ಕು ಸಲ ಬಾಗಿಲು ಆಡಿಸಿ, ಹೊರಗೆ ಬಂದ ಎಣ್ಣೆಯನ್ನು ಹಳೇ ಪಂಚೆ ತುಂಡಿನಲ್ಲಿ ಒರೆಸಿದೆ. ಒರೆಸದಿದ್ದರೆ ನಮ್ಮ ಕೆಂಪು ಧೂಳು ಎಣ್ಣೆಗೆ ಅಂಟಿ, ತಿಂಗಳಲ್ಲಿ ಮತ್ತೆ ಕಿರ್ ಕಿರ್.

ಅಡುಗೆಮನೆಯಲ್ಲಿ ಒಲೆ, ಸಿಂಕ್ ಅಕ್ಕಪಕ್ಕ ಬೇಡ, ಬೆಂಕಿಗೂ ನೀರಿಗೂ ಆಗಿಬರಲ್ಲ ಅನ್ನುತ್ತಾರೆ. ಮಧ್ಯೆ ಮರ ಇಟ್ಟರೆ ಸರಿಹೋಗುತ್ತಂತೆ. ನೀರು ಮರವನ್ನು ಬೆಳೆಸುತ್ತದೆ, ಮರ ಬೆಂಕಿಯನ್ನು ಉರಿಸುತ್ತದೆ ಅನ್ನೋದು ಅವರ ಲೆಕ್ಕ. ಕಾದ ಎಣ್ಣೆಗೆ ನೀರು ಸಿಡಿದು ಕೈ ಸುಟ್ಟುಕೊಂಡವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ. ನಾನು ರೊಟ್ಟಿ ಹಲಗೆಯನ್ನು ಮಧ್ಯೆ ಅಡ್ಡ ನಿಲ್ಲಿಸುತ್ತೇನೆ, ಒಲೆ ಉರಿಗೆ ತಾಗದಷ್ಟು ದೂರ ಬಿಟ್ಟು.

ಇನ್ನು ನೀರು. ಮನೆಯಲ್ಲಿ ಕಾರಂಜಿ ಇಡಿ ಅನ್ನುತ್ತಾರೆ, ನೀವು ಮಣ್ಣಿನ ಗಡಿಗೆ ಇಡಿ. ಗಡಿಗೆ ಮೈಯಿಂದ ನೀರು ಜಿನುಗಿ ಗಾಳಿಗೆ ಆರುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಾಗೋದು. ಹಾಗಾಗಿ ಮೂಲೆಯಲ್ಲಿಟ್ಟರೆ ಪ್ರಯೋಜನ ಇಲ್ಲ. ಗಾಳಿ ಓಡಾಡುವ ದಾರಿಯಲ್ಲಿ, ನೆರಳಲ್ಲಿ, ಕೆಳಗೆ ಮರಳು ಹಾಕಿ ಇಡಿ. ಕೂಲರಿಗೂ ಇದೇ ಮಾತು. ಕಿಟಕಿ ಬಾಗಿಲು ಎಲ್ಲ ಮುಚ್ಚಿ ಕೂಲರ್ ಹಾಕಿದರೆ ಸೆಕೆ ಹೆಚ್ಚಾಗಿ ಹಾಸಿಗೆಯೂ ತೇವ ಆಗುತ್ತದೆ. ಎದುರಿನ ಕಿಟಕಿ ಒಂದು ಗೇಣು ತೆಗೆದಿಡಿ.

ಸೊಸೆ ಆಮೇಲೆ ಲಕ್ಕಿ ಬ್ಯಾಂಬೂ ಕೂಡ ತಂದಳು. ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಅನ್ನೋ ಗಿಡ. ಇಡಿ, ಬೇಡ ಅನ್ನಲ್ಲ. ಆದರೆ ನೀರು ವಾರದೊಳಗೆ ಬದಲಿಸಿ, ಪಾತ್ರೆ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆ ನೀರಿನ ಅಂಚಿಗೇ ಮೊಟ್ಟೆ ಅಂಟಿಸುತ್ತದೆ, ನೀರು ಚೆಲ್ಲಿದರೆ ಹೋಗಲ್ಲ. 2001ರಲ್ಲಿ ಚೀನಾದಿಂದ ಹಡಗಿನಲ್ಲಿ ಹೋದ ಇದೇ ಗಿಡದ ಜೊತೆ ಹುಲಿಪಟ್ಟೆ ಸೊಳ್ಳೆ ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿತ್ತು!

ಗಾಳಿಗಂಟೆ ಕಥೆ ಒಂದು ಉಳಿಯಿತು. ತಲೆಬಾಗಿಲಿಗೆ ಕಟ್ಟಿದ್ದಳು. ಆಷಾಢದ ಗಾಳಿ ಶುರುವಾಯಿತು ನೋಡಿ, ರಾತ್ರಿಯೆಲ್ಲ ಢಣ ಢಣ. ಮೂರನೇ ದಿನ ಪಕ್ಕದ ಮನೆಯವರು ಬಂದು, "ಅಮ್ಮಾ, ನಿಮ್ಮ ಮನೇಲಿ ಇಷ್ಟೊತ್ತಿಗೆ ಯಾವ ಪೂಜೆ?" ಅಂತ ಕೇಳಿದರು. ಬಿಚ್ಚಿ ಹಿತ್ತಲ ಕಿಟಕಿಗೆ ಕಟ್ಟಿದೆ. ಆಷಾಢ ಬಂದರೆ ಅದರ ನಾಲಿಗೆಗೆ ಮೊಮ್ಮಗಳ ರಬ್ಬರ್ ಬ್ಯಾಂಡ್ ಸುತ್ತುತ್ತೇನೆ. ಬೇಸಿಗೆಯಲ್ಲಿ ಬಿಚ್ಚಿಡುತ್ತೇನೆ. ಸಂಜೆ ಏಳಕ್ಕೋ ಎಂಟಕ್ಕೋ ಅದು ಒಂದು ಸಲ ಟಿಣ್ ಅಂದರೆ, ಹೊರಗೆ ತಂಗಾಳಿ ಎದ್ದಿದೆ ಅಂತ ಗೊತ್ತಾಗುತ್ತದೆ. ಕೂಲರ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆಗೆಯಲು ಏಳುತ್ತೇನೆ.