ಬೆಳಗಾವಿಯಲ್ಲಿ ಕೂತೇ ಭೋಸರಿಯ ಕೆಲಸ ಹಿಡಿದೆ

ಪುಣೆಗೆ ಹೋಗಿ ರೂಮು ಹಿಡಿದು, ಭೋಸರಿಯಂಥ ಕೈಗಾರಿಕಾ ಪ್ರದೇಶದಲ್ಲಿ ಗೇಟಿನಿಂದ ಗೇಟಿಗೆ ತಿರುಗದೆ ವಿಎಂಸಿ ಸೆಟರ್‌ಗೆ (ಲೋಹ ಕೊರೆಯುವ ಕಂಪ್ಯೂಟರ್ ಮಷಿನನ್ನು ಕೆಲಸಕ್ಕೆ ಸಜ್ಜು ಮಾಡುವವನಿಗೆ) ಕೆಲಸ ಸಿಗೋದಿಲ್ಲ ಅಂತ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಎಲ್ಲರೂ ಹೇಳಿದ್ದರು. ನಾನು ಬಸ್ ಹತ್ತಿದ್ದು ಎರಡೇ ಸಲ. ಆಫರ್ ಲೆಟರ್ ಕೈಗೆ ಬಂದ ಮೇಲೆಯೇ ಇಲ್ಲಿ ರಾಜೀನಾಮೆ ಕೊಟ್ಟೆ. ಒಟ್ಟು ಖರ್ಚು ಆರೂವರೆ ಸಾವಿರದ ಆಸುಪಾಸು, ಅದರಲ್ಲಿ ಒಂದೂವರೆ ಸಾವಿರ ಬರೀ ದಂಡ.

ದಂಡ ಕಟ್ಟಿದ್ದು ಫೋನಿನಲ್ಲೇ ‘ಸೆಲೆಕ್ಟ್ ಆಗಿದೆ, ಗೇಟ್ ಪಾಸ್‌ಗೆ, ಮೆಡಿಕಲ್‌ಗೆ ದುಡ್ಡು ಹಾಕಿ’ ಅಂದ ಏಜೆಂಟನಿಗೆ. ಟ್ರಯಲ್, ಅಂದರೆ ಮಷಿನ್ ಮೇಲೆ ಕೆಲಸ ಮಾಡಿಸಿ, ನೋಡದೆ ಯಾವ ಮಷಿನ್ ಶಾಪಿನವರೂ ಸೆಟರ್‌ನ ಕೈಗೆ ಮಷಿನ್ ಕೊಡೋದಿಲ್ಲ. ಟ್ರಯಲ್ ಮಾತೇ ಎತ್ತದವನು ಮೋಸಗಾರ, ಅಷ್ಟೇ.

ಇನ್ನೊಂದು ತಪ್ಪು ಕೆಲಸ ಹುಡುಕುವ ಪೋರ್ಟಲ್ ನೌಕ್ರಿಯ ಪ್ರೊಫೈಲ್‌ನಲ್ಲಿ ಆಯ್ತು. ಈಗಿರುವ ಊರು ಪುಣೆ ಅಂತ ಹಾಕಿದ್ದೆ. ಕರೆಗಳೇನೋ ಬಂದವು, ಆದರೆ ಎಲ್ಲರದೂ ‘ನಾಳೆ ಹತ್ತಕ್ಕೆ ಬನ್ನಿ’. ಬೆಳಗಾವಿ ಅಂದ ಕೂಡಲೇ ಫೋನ್ ಕಟ್. ಆಮೇಲೆ ಬೆಳಗಾವಿ ಅಂತಲೇ ಬರೆದು, ‘ಯಾವ ಶುಕ್ರವಾರ, ಶನಿವಾರವಾದರೂ ಟ್ರಯಲ್‌ಗೆ ಬರುತ್ತೇನೆ’ ಅಂತ ಸೇರಿಸಿದೆ. ಜೊತೆಗೆ ಒಂದು ಪ್ರಯೋಗ: ‘ಸಿಎನ್‌ಸಿ ಆಪರೇಟರ್’ ಅನ್ನೋ ತಲೆಬರಹಕ್ಕೆ ಮೂರು ವಾರದಲ್ಲಿ ಎರಡು ಕರೆ, ‘ವಿಎಂಸಿ ಸೆಟರ್, ಫಾನುಕ್, ಎಸ್‌ಜಿ ಐರನ್, 20 ಮೈಕ್ರಾನ್ ಬೋರ್’ ಅಂತ ಬದಲಿಸಿದ ಮೇಲೆ ಅಷ್ಟೇ ದಿನಕ್ಕೆ ಎಂಟೋ ಒಂಬತ್ತೋ. ಫಾನುಕ್ ಅಂದರೆ ಮಷಿನ್ ನಡೆಸುವ ಕಂಟ್ರೋಲ್‌ನ ಬ್ರ್ಯಾಂಡ್, ಎಸ್‌ಜಿ ಐರನ್ ಒಂದು ಬಗೆಯ ಎರಕದ ಕಬ್ಬಿಣ, ಕೊನೆಯದು ರಂಧ್ರ ಎಷ್ಟು ನಿಖರವಾಗಿ ಕೊರೆಯುತ್ತೇನೆ ಅನ್ನೋದು. ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ) ಎಷ್ಟು ಇಳಿಸಿದ್ದೀರಿ ಅನ್ನೋದನ್ನ ಬರೆಯಿರಿ. ಗಿರಾಕಿಯ ಡ್ರಾಯಿಂಗ್ ಫೋಟೋ ಮಾತ್ರ ಕಳಿಸಬೇಡಿ, ಅದನ್ನು ಕಂಡ ಮಾಲೀಕ ನಾಳೆ ನನ್ನ ಡ್ರಾಯಿಂಗೂ ಹೀಗೇ ಹೊರಗೆ ಹೋಗುತ್ತೆ ಅಂದುಕೊಳ್ಳುತ್ತಾನೆ.

ಆದರೂ ಕೊನೆಗೆ ಕೆಲಸ ಸಿಕ್ಕಿದ್ದು ಪೋರ್ಟಲ್‌ನಿಂದಲ್ಲ. ಹೊಸ ಮಷಿನ್ ಇಳಿದ ಶಾಪಿಗೆ ಮೂರು ಶಿಫ್ಟ್ ನಡೆಸಲು ಸೆಟರ್ ಬೇಕೇ ಬೇಕು. ಮಷಿನ್ ಎಲ್ಲಿ ಇಳಿಯಿತು ಅನ್ನೋದು ಎಚ್‌ಆರ್‌ನ ಜಾಹೀರಾತಿಗಿಂತ ಮೊದಲು ಇಬ್ಬರಿಗೆ ಗೊತ್ತಿರುತ್ತದೆ: ಸರ್ವಿಸ್ ಎಂಜಿನಿಯರ್‌ಗೆ, ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಮಾರುವವನಿಗೆ. ನಮ್ಮ ಶಾಪಿಗೆ ಇನ್ಸರ್ಟ್ ಕೊಡುವ ಡೀಲರ್ ಕಡೆಯಿಂದ ಪುಣೆ ಹತ್ತಿರದ ಭೋಸರಿ, ಚಾಕಣ ಕಡೆ ತಿರುಗುವ ಹುಡುಗನ ನಂಬರ್ ಹಿಡಿದೆ. ಅವನ ಹತ್ತಿರ ಮಾತು ಹೇಗೆ ತೆಗೆದೆ ಅನ್ನೋದು ನನ್ನಲ್ಲೇ ಇರಲಿ. ಒಂದು ತಿಂಗಳಲ್ಲಿ ಆರು ಶಾಪು, ಆರಕ್ಕೂ ಪ್ರೊಡಕ್ಷನ್ ಮ್ಯಾನೇಜರ್‌ನ ನೇರ ನಂಬರ್. ಪೋರ್ಟಲ್ ನೆಚ್ಚಿಕೊಂಡು ಕೂತವರು ಇನ್ನೂ ಕೂತೇ ಇದ್ದಾರೆ.

ಭೋಸರಿ ಎಂಐಡಿಸಿಯ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶ) ವಾರದ ರಜೆ ಗುರುವಾರ, ಭಾನುವಾರವಲ್ಲ. ಗುರುವಾರ ರಾತ್ರಿ ಬಸ್ ಹತ್ತಿದರೆ ಶುಕ್ರವಾರ ಬೆಳಗಿನ ಜಾವ ಇಳಿದು, ಎರಡು ದಿನದಲ್ಲಿ ನಾಲ್ಕು ಟ್ರಯಲ್ ಮುಗಿಸಬಹುದು. ಮೊದಲನೇ ಸಲ ಹೋದಾಗ ಕಂಟ್ರೋಲ್ ಯಾವುದು ಅಂತ ಕೇಳದೇ ಹೋಗಿದ್ದೆ. ಮುಂದೆ ನಿಂತದ್ದು ಸೀಮೆನ್ಸ್, ನನಗೆ ಗೊತ್ತಿದ್ದ ಫಾನುಕ್ ಅಲ್ಲ. ವರ್ಕ್ ಆಫ್‌ಸೆಟ್ (ಪೀಸ್ ಮಷಿನ್‌ನಲ್ಲಿ ಎಲ್ಲಿದೆ ಅಂತ ತಿಳಿಸುವ ಅಳತೆ) ಪೇಜ್ ಹುಡುಕೋದರಲ್ಲೇ ಸಮಯ ಹೋಗಿ, ಫಸ್ಟ್ ಪೀಸ್ ತೆಗೆಯೋಕೆ ಆಗಲಿಲ್ಲ. ಎರಡನೇ ಸಲ ಫಾನುಕ್ ಇರುವ ಶಾಪಿಗೆ ಮಾತ್ರ ಹೋದೆ. ನನ್ನದೇ ಲಿವರ್ ಡಯಲ್ (ಸೂಕ್ಷ್ಮ ಅಳತೆಯ ಗೇಜು) ಇತ್ತು, ಪೀಸ್ ಹಿಡಿಯುವ ವೈಸ್ ನೇರ ಮಾಡಿ, ಜಿ54 ಅನ್ನೋ ವರ್ಕ್ ಆಫ್‌ಸೆಟ್ ಹಿಡಿದು, ಮೊದಲ ಪೀಸೇ ಓಕೆ.

ಸಂಬಳದ ಮಾತಿನಲ್ಲಿ ಮೊದಲ ಪ್ರಶ್ನೆ: ಎಂಟು ಗಂಟೆಯೋ, ಹನ್ನೆರಡೋ? ಒಂದು ಕಡೆ 28,000 ಅಂದದ್ದು ಹನ್ನೆರಡು ಗಂಟೆಗೆ. ಎಂಟಕ್ಕೆ ಇಳಿಸಿ ನೋಡಿದರೆ ಬೆಳಗಾವಿಯಷ್ಟೂ ಬರಲ್ಲ. ಎರಡನೆಯದು, ಕಂಪನಿ ರೋಲೋ (ಕಂಪನಿಯ ನೇರ ನೌಕರಿ), ಕಾಂಟ್ರ್ಯಾಕ್ಟೋ? ನಾನು ಸೇರುವಾಗ ಗ್ರಾಸ್ 21,000 ದಾಟಿದರೆ ಹೊಸದಾಗಿ ಸೇರುವವನಿಗೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಇರಲಿಲ್ಲ, ಮನೆಯವರ ಆಸ್ಪತ್ರೆ ಖರ್ಚನ್ನು ಬೇರೆ ಲೆಕ್ಕ ಹಾಕಬೇಕಿತ್ತು. ನಾನು ಒಪ್ಪಿದ್ದು ಎಂಟು ಗಂಟೆಗೆ 26,000, ಕಂಪನಿ ರೋಲ್, ಓಟಿ ಬೇರೆ. ಶೇರಿಂಗ್ ರೂಮು, ಮೆಸ್ ಸೇರಿ ಒಂಬತ್ತು ಸಾವಿರ ಹೋದರೂ, ಓಟಿ ಸೇರಿಸಿದರೆ ಇಲ್ಲಿಗಿಂತ ಮೇಲೆ.

ರೂಮಿಗೆ ಅಡ್ವಾನ್ಸ್ ಕೊಟ್ಟದ್ದು ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ. ಪಿಎಫ್‌ಗೆ ಹೊಸ ನಂಬರ್ ಮಾಡಿಸಲು ಬಿಡದೆ, ಹಳೆಯ ಯುಎಎನ್ (ಕೆಲಸ ಬದಲಿಸಿದರೂ ಅದೇ ಉಳಿಯುವ ಪಿಎಫ್ ನಂಬರ್) ಅನ್ನೇ ಜಾಯ್ನಿಂಗ್ ಫಾರ್ಮಿನಲ್ಲಿ ಬರೆದೆ.