ಟ್ರಯಲ್ಸ್‌ನಲ್ಲಿ ಮೊದಲು ಹುಟ್ಟಿದ ತಿಂಗಳು ಕೇಳಿ

ಅಂಡರ್-12, ಅಂಡರ್-13 ಫುಟ್‌ಬಾಲ್ ತಂಡ ಕಟ್ಟುವವರು ಗ್ರೂಪಿನಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಬರೀತಿದ್ದೀನಿ. ಟ್ರಯಲ್ಸ್ (ಆಟಗಾರರ ಆಯ್ಕೆ) ದಿನ ಎಲ್ಲರ ಕಣ್ಣು ಹೋಗೋದು ಎತ್ತರವಾಗಿರೋ, ಜೋರಾಗಿ ಓಡೋ ಹುಡುಗನ ಮೇಲೆ. ವಯಸ್ಸಿನ ಲೆಕ್ಕ ಜನವರಿ 1ರಿಂದ ಹಿಡಿದರೆ, ಜನವರಿಯಲ್ಲಿ ಹುಟ್ಟಿದವನು ಅದೇ ವರ್ಷದ ಡಿಸೆಂಬರ್ ಹುಡುಗನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ನಾವು ಪ್ರತಿಭೆ ಅಂದುಕೊಂಡಿದ್ದು ಬರೀ ಮೀಸೆ ಬೇಗ ಚಿಗುರಿದ್ದರ ಫಲ ಇರಬಹುದು!

ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಗ್ರೀಜ್‌ಮನ್ ಗೊತ್ತಲ್ಲ? ಕುಳ್ಳ ಅಂತ ಫ್ರಾನ್ಸ್‌ನ ಕ್ಲಬ್‌ಗಳು ಬೇಡ ಅಂದವು. ಸ್ಪೇನ್‌ನ ರಿಯಲ್ ಸೊಸಿಯೆಡಾಡ್ ಬೆಳೆಸಿತು. 2018ರಲ್ಲಿ ಅವನೇ ಫ್ರಾನ್ಸ್‌ಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬ.

ಸುಲಭದ ಉಪಾಯ: ಬಿಬ್ (ಅಂಗಿ ಮೇಲೆ ಹಾಕೋ ತೋಳಿಲ್ಲದ ಬನಿಯನ್) ನಂಬರನ್ನು ಹುಟ್ಟಿದ ದಿನಾಂಕದ ಕ್ರಮದಲ್ಲೇ ಕೊಡಿ. ದೊಡ್ಡವನಿಗೆ 1, ಚಿಕ್ಕವನಿಗೆ ಕೊನೆಯ ನಂಬರ್. ನೋಡುವಾಗಲೇ ವಯಸ್ಸು ನೆನಪಾಗುತ್ತೆ.

ಆಮೇಲೆ 100 ಮೀಟರ್ ಓಡಿಸೋದು ಬಿಟ್ಟು ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರನ್ನು ಆಡಿಸಿ, ಎಲ್ಲರಿಗೂ ಚೆಂಡು ಸಿಗುತ್ತೆ. ನೀವು ಮಾತ್ರ ಚೆಂಡು ನೋಡಬೇಡಿ, ಒಬ್ಬನನ್ನೇ ಐದು ನಿಮಿಷ ನೋಡಿ. ಚೆಂಡು ಬರೋ ಮೊದಲು ಭುಜದ ಮೇಲಿಂದ ಹಿಂದೆ ತಿರುಗಿ ನೋಡ್ತಾನಾ? ಮೊದಲ ಟಚ್‌ನಲ್ಲೇ ಚೆಂಡನ್ನು ಖಾಲಿ ಜಾಗಕ್ಕೆ ತಿರುಗಿಸ್ತಾನಾ, ಕಾಲಡಿಯಲ್ಲೇ ಸಿಕ್ಕಿಸಿಕೊಳ್ತಾನಾ? ಚೆಂಡು ಕಳಕೊಂಡ ಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಂತರೆ ಅದನ್ನೂ ಬರೆದಿಟ್ಟುಕೊಳ್ಳಿ.

ಹೆಣ್ಣುಮಕ್ಕಳ ಟ್ರಯಲ್ಸ್‌ಗೂ ಇದೇ ಲೆಕ್ಕ. ಒಂದೇ ದಿನಕ್ಕೆ ಮುಗಿಸಬೇಡಿ, ಕನಿಷ್ಠ ಮೂರು ಸಲ ಕರೆಸಿ.